ಅತ್ತೆಯ ಪಾತ್ರೆ ಹೊರಗೆ ಹಾಕಿದರೆ ಲಕ್ಷ್ಮಿ ಹೋಗುತ್ತಾಳೆಯೇ?

ಪ್ರಶ್ನೆ: ನಾವು ಮೂಲತಃ ಕೊಟ್ಟೂರಿನವರು, ಈಗ ದಾವಣಗೆರೆಯಲ್ಲಿದ್ದೇವೆ. ಅತ್ತೆಯವರು ತೀರಿಕೊಂಡು ಎಂಟು ತಿಂಗಳಾಯಿತು. ಅಡುಗೆಮನೆಯ ಅಟ್ಟದ ತುಂಬ ಅವರ ಹಿತ್ತಾಳೆ ಪಾತ್ರೆ, ಸೀಳಿದ ಜಾಡಿ, ಹಳೆ ಡಬ್ಬಿಗಳಿವೆ. ಧಾನ್ಯಕ್ಕೆ ನುಸಿ ಬಿದ್ದಿದೆ. ವರ್ಷಾಂತಿಕ ಮುಗಿಯುವ ತನಕ ಏನನ್ನೂ ಮುಟ್ಟಬಾರದು, ಹೊರಗೆ ಹಾಕಿದರೆ ಲಕ್ಷ್ಮಿ ಹೋಗುತ್ತಾಳೆ ಎಂದು ನೆಂಟರು ಹೆದರಿಸುತ್ತಾರೆ. ಏನು ಮಾಡಲಿ ಗುರುಗಳೇ?
– ಒಬ್ಬ ಸೊಸೆ

ಉತ್ತರ: ತಾಯಿ, ಮೊದಲು ಭಯ ಬಿಡಿ. ಮೊದಲ ವರ್ಷ ಮದುವೆ, ಉಪನಯನದಂಥ ಶುಭಕಾರ್ಯಗಳನ್ನು ಹಿರಿಯರು ಮುಂದೂಡುತ್ತಾರೆ, ಅದು ಸಂಪ್ರದಾಯ. ಆದರೆ ಮನೆ ಶುದ್ಧಿ ಮಾಡಬೇಡಿ ಎಂದು ಹೇಳುವ ಶಾಸ್ತ್ರವನ್ನು ನಾನು ಓದಿಲ್ಲ. ನಾನು ಪಂಚಾಂಗ ನೋಡೋ ಮನುಷ್ಯ, ಆದರೂ ಹೇಳ್ತೀನಿ: ಬೂಷ್ಟು ತೆಗೆಯೋಕೆ ಮುಹೂರ್ತ ಬೇಡ.

ಮನುಸ್ಮೃತಿಯ 3ನೇ ಅಧ್ಯಾಯದಲ್ಲಿ ಪಂಚಸೂನಾ ಎಂಬ ವಿಚಾರ ಬರುತ್ತದೆ. ಗೃಹಸ್ಥನ ಮನೆಯಲ್ಲಿ ಹಿಂಸೆಯ ಜಾಗ ಐದು: ಒಲೆ, ಬೀಸುಕಲ್ಲು, ಕಸಬರಿಗೆ, ಒರಳು-ಒನಕೆ, ನೀರಿನ ಕೊಡ. ನಮಗೆ ತಿಳಿಯದೆಯೇ ಅಲ್ಲಿ ಸಣ್ಣ ಜೀವಿಗಳು ಸಾಯುತ್ತವೆ. ಆ ದೋಷ ಕಳೆಯಲು ನಿತ್ಯ ಪಂಚಮಹಾಯಜ್ಞ ಹೇಳಿದ್ದಾರೆ. ಲೆಕ್ಕ ಹಾಕಿ ನೋಡಿ, ಐದೂ ಹೆಚ್ಚುಕಡಿಮೆ ಅಡುಗೆಮನೆಯವೇ. ತಿಳಿಯದೆ ಆದ ಹಿಂಸೆಗೇ ಇಷ್ಟು ಪರಿಹಾರ ಇರುವಾಗ, ನುಸಿ-ಜಿರಳೆಗಳನ್ನು ನಾವೇ ಬೆಳೆಸಿ ಆಮೇಲೆ ಔಷಧಿ ಹೊಡೆದು ಕೊಲ್ಲೋದು ಯಾವ ಧರ್ಮ?

ನನ್ನದೇ ತಪ್ಪು ಹೇಳ್ತೀನಿ. ನಮ್ಮ ತಾಯಿ ಹೋದ ಮೇಲೆ ಆಕೆಯ ಹಿತ್ತಾಳೆ ಹಂಡೆಯನ್ನು ಗೌರವ ಅಂತ ಅಟ್ಟಕ್ಕೆ ಏರಿಸಿದೆ. ಹನ್ನೊಂದು ವರ್ಷ ಬಿಟ್ಟು ಇಳಿಸಿದಾಗ ಒಳಗೆಲ್ಲ ಕಿಲುಬು, ತಳದಲ್ಲಿ ತೂತು. ಆಕೆ ದಿನಾ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೆಳಗಿದ ಹಂಡೆ ಅದು. ಬಳಸಿದ್ದರೆ ಉಳಿಯುತ್ತಿತ್ತು, ಇಟ್ಟು ಹಾಳು ಮಾಡಿದೆ.

ಇನ್ನು ಮಾಡುವ ಕ್ರಮ.

1. ಮೊದಲು ಧಾನ್ಯ. ತಿನ್ನಲು ಬರುವ ಜೋಳ, ಬೇಳೆ ಕೇರಿ, ಬಿಸಿಲಿಗೆ ಹಾಕಿ ಬಳಸಿ. ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿ ಅನ್ನವನ್ನು ನಿಂದಿಸಬೇಡ ಎನ್ನುತ್ತದೆ, ಆದ್ದರಿಂದ ಉಣ್ಣುವಂಥದ್ದನ್ನು ಚೆಲ್ಲಬೇಡಿ. ಕೆಟ್ಟದ್ದು ಗೊಬ್ಬರದ ಗುಂಡಿಗೆ ಹೋಗಲಿ. ಹಳಸಿದ್ದನ್ನು ಹಸುವಿನ ಮುಂದೆ ಹಾಕಿ ಗೋಗ್ರಾಸ ಅನ್ನಬೇಡಿ. ಕಠೋಪನಿಷತ್ತಿನಲ್ಲಿ ತಂದೆ ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುವುದು ಕಂಡು ಬಾಲಕ ನಚಿಕೇತ ಕಳವಳಗೊಂಡ. ನಮಗೆ ಬೇಡವಾದ ಕಸ ದಾನವಲ್ಲ.

2. ಪಾತ್ರೆಗಳಲ್ಲಿ ದಿನಬಳಕೆಗೆ ಬರುವುದು, ಹಬ್ಬಕ್ಕೆ ಬೇಕಾಗುವುದು, ಕೊಡುವುದು, ಕೆಟ್ಟದ್ದು ಎಂದು ನಾಲ್ಕು ಪಾಲು ಮಾಡಿ. ಮನುಸ್ಮೃತಿಯ 5ನೇ ಅಧ್ಯಾಯದಲ್ಲಿ ಲೋಹದ ಪಾತ್ರೆಗೆ ಕ್ಷಾರ, ಹುಳಿ, ನೀರು ಎಂದು ಶುದ್ಧಿ ಹೇಳಿದೆ. ನಿಮ್ಮತ್ತೆಯವರೂ ಅದನ್ನೇ ಮಾಡಿದವರು. ಅಡುಗೆ ಮಾಡುವ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ, ಸಾರು ಮಾಡಬೇಡಿ, ಅದು ವಿಷವಾದೀತು. ಸೀಳಿದ ಜಾಡಿಯಲ್ಲಿ ಉಪ್ಪಿನಕಾಯಿ ಇಡಬೇಡಿ.

3. ದೊಡ್ಡ ಪಾತ್ರೆಗಳು ನಿಮ್ಮ ಮನೆಗೆ ಭಾರವಾದರೆ ದಾಸೋಹಕ್ಕೆ ಕೊಡಿ. ಗುರು ಕೊಟ್ಟೂರೇಶ್ವರನ ರಥೋತ್ಸವಕ್ಕೆ ನಿಮ್ಮ ದಾವಣಗೆರೆ ಕಡೆಯಿಂದ ಎಷ್ಟು ಜನ ನಡೆದುಕೊಂಡು ಬರ್ತಾರೆ, ದಾರಿಯುದ್ದಕ್ಕೂ ಅನ್ನ ಹಾಕುವವರಿದ್ದಾರೆ. ಅತ್ತೆಯ ಪಾತ್ರೆಯಲ್ಲಿ ಪಾದಯಾತ್ರಿಗಳಿಗೆ ಅನ್ನ ಬೆಂದರೆ ಅದಕ್ಕಿಂತ ಪುಣ್ಯ ಏನಿದೆ? ಶುಕ್ರವಾರ, ದೀಪ ಹಚ್ಚೋ ಹೊತ್ತಿನಲ್ಲಿ ಮನೆಯಿಂದ ವಸ್ತು ಕೊಡಬಾರದೆಂಬ ರೂಢಿ ನಿಮ್ಮಲ್ಲಿದ್ದರೆ ಬೇರೆ ದಿನ ಬೆಳಿಗ್ಗೆ ಕೊಡಿ, ಅಷ್ಟೇ.

ಒಂದು ಮಾತು ಮಾತ್ರ ಮರೆಯಬೇಡಿ. ಯಜಮಾನರನ್ನು, ನಾದಿನಿಯರನ್ನು ಕೇಳದೆ ಒಂದು ಸೌಟನ್ನೂ ಗುಜರಿಗೆ ಹಾಕಬೇಡಿ. ನಿಮಗೆ ಅದು ಅತ್ತೆಯ ಪಾತ್ರೆ, ಅವರಿಗೆ ಅವ್ವನ ಕೈಯ ಗುರುತು. ಕರೆದು ಕೂರಿಸಿ, ಬೇಕಾದ್ದನ್ನು ಮೊದಲು ಅವರು ಆರಿಸಿಕೊಳ್ಳಲಿ. ಪಾತ್ರೆ ಹೊರಗೆ ಹೋದರೆ ಲಕ್ಷ್ಮಿ ಹೋಗಲ್ಲ ತಾಯಿ, ಪಾತ್ರೆಯ ಸಲುವಾಗಿ ಒಡಹುಟ್ಟಿದವರು ಮಾತು ಬಿಟ್ಟರೆ ಹೋಗ್ತಾಳೆ.

ನೀವೂ ಒಂದು ಪಾತ್ರೆ ಇಟ್ಟುಕೊಳ್ಳಿ, ಅಟ್ಟದ ಮೇಲಲ್ಲ, ಒಲೆಯ ಪಕ್ಕದಲ್ಲಿ. ವರ್ಷಾಂತಿಕದ ದಿನ ಪಾಯಸ ಅದರಲ್ಲೇ ಆಗಲಿ. ಶುಭವಾಗಲಿ.