ನೀರಿನ ಪಾಠಕ್ಕೆ ನಿಮ್ಮ ಹೊಲದ ಮಣ್ಣು ಬೇಕು



ನಿಮ್ಮ ಮಗನಾಗಲಿ ಮಗಳಾಗಲಿ ಬೆಳಗ್ಗೆ ಶಾಲೆಗೆ ಹೊರಡುವಾಗ ಒಂದು ಬೊಗಸೆ ಹೊಲದ ಮಣ್ಣು, ಒಂದು ಹಳೆಯ ಡಬ್ಬ, ಒಂದು ತುಂಡು ಇಟ್ಟಿಗೆ ಬೇಕೆಂದು ಕೇಳಿದರೆ, ಓದುವುದನ್ನು ಬಿಟ್ಟು ಇದೇನು ಆಟವೆಂದು ಗದರಿಸಬೇಡಿ. ಅದು ಆಟವಲ್ಲ, ಪಾಠ. ವಿಜ್ಞಾನವನ್ನು ಒಂದೇ ಪುಸ್ತಕದಿಂದ ಕಲಿಸುವುದಕ್ಕೂ ಹಲವು ಸಲಕರಣೆಗಳಿಂದ ಕಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ನೀವು ತಿಳಿದುಕೊಂಡರೆ, ಊರಿನ ಶಾಲೆಗೆ ನಿಮ್ಮಿಂದ ಆಗುವ ಸಹಾಯ ಎಷ್ಟೆಂಬುದೂ ತಿಳಿಯುತ್ತದೆ.

ಮಳೆಯ ನೀರು ಭೂಮಿಯಲ್ಲಿ ಇಂಗಿ ಅಂತರ್ಜಲವಾಗುತ್ತದೆಂಬುದು ಪುಸ್ತಕದಲ್ಲಿ ಒಂದೇ ಸಾಲಿನ ಮಾತು. ಮಗು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಮರೆಯುತ್ತದೆ. ಆದರೆ ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಈ ಒಂದು ಸಾಲಿನ ಮೇಲೆ ಎಷ್ಟು ಸಂಸಾರಗಳ ಬದುಕು ನಿಂತಿದೆಯೆಂದು ನಿಮಗೆ ಹೇಳಬೇಕಾಗಿಲ್ಲ. ತೆರೆದ ಬಾವಿಗಳು ಬತ್ತಿದವು. ಸಾವಿರ ಅಡಿ ದಾಟಿ ಕೊರೆಸಿದರೂ ಬರೀ ದೂಳು ಬಂದ ಬೋರ್‌ವೆಲ್‌ಗಳನ್ನು ನೀವೇ ಕಂಡಿದ್ದೀರಿ. ಈ ತಾಲ್ಲೂಕುಗಳನ್ನು ಅಂತರ್ಜಲದ ಅತಿಬಳಕೆಯ ಪ್ರದೇಶಗಳೆಂದು ತಜ್ಞರು ಗುರುತಿಸಿದ್ದಾರೆ. ನಾಳೆ ಆ ಹೊಲವನ್ನು ನೋಡಿಕೊಳ್ಳುವವರು ಇಂದು ತರಗತಿಯಲ್ಲಿ ಕುಳಿತಿರುವ ಮಕ್ಕಳು. ಆದ್ದರಿಂದ ನೀರಿನ ಪಾಠವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಒಂದು ವಿಷಯ, ಹಲವು ಸಲಕರಣೆ

1. ಸೀಸೆ. ಅಗಲ ಬಾಯಿಯ ಗಾಜಿನ ಸೀಸೆಯಲ್ಲಿ ಮೂರರಲ್ಲಿ ಒಂದು ಭಾಗ ಹೊಲದ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಅಲ್ಲಾಡಿಸಿ ಇಡಬೇಕು. ಮರಳು ಬೇಗನೆ ತಳಕ್ಕೆ ಇಳಿಯುತ್ತದೆ. ಅದರ ಮೇಲೆ ನುಣುಪಾದ ಮಣ್ಣು ನಿಧಾನವಾಗಿ ಕೂರುತ್ತದೆ. ಜಿಗುಟು ಮಣ್ಣು ಮಾರನೆಯ ದಿನವೂ ನೀರನ್ನು ಕದಡಿಟ್ಟಿರುತ್ತದೆ. ಕೊಳೆತ ಎಲೆ, ಬೇರುಗಳ ಚೂರು ಮೇಲೆ ತೇಲುತ್ತವೆ. ಮಣ್ಣೆಂದರೆ ಒಂದೇ ವಸ್ತುವಲ್ಲ, ಹಲವು ವಸ್ತುಗಳ ಬೆರಕೆ ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ.

2. ಮೂರು ಡಬ್ಬಗಳು. ಒಂದೇ ಅಳತೆಯ ಮೂರು ಡಬ್ಬಗಳ ತಳಕ್ಕೆ ಒಂದೇ ಲೆಕ್ಕದ ತೂತು ಮಾಡಿ, ತೆಳು ಬಟ್ಟೆ ಹಾಸಿ, ಒಂದಕ್ಕೆ ಮರಳು, ಒಂದಕ್ಕೆ ಹೊಲದ ಕೆಂಪು ಮಣ್ಣು, ಇನ್ನೊಂದಕ್ಕೆ ಕೆರೆಗೋಡು ತುಂಬಬೇಕು. ಮೂರಕ್ಕೂ ಒಂದೊಂದು ಲೋಟ ನೀರು ಹಾಕಿ, ಎಷ್ಟು ಹೊತ್ತಿಗೆ ಎಷ್ಟು ನೀರು ಕೆಳಗೆ ಬಂತೆಂದು ಬರೆಯಬೇಕು. ಮಣ್ಣು ಮೂರರಲ್ಲೂ ಸಮನಾಗಿ ಒಣಗಿರಬೇಕು, ಒಂದೇ ಎತ್ತರಕ್ಕಿರಬೇಕು, ನೀರು ಒಂದೇ ಅಳತೆಯದಾಗಿರಬೇಕು. ಬದಲಾಗಬೇಕಾದುದು ಮಣ್ಣಿನ ಜಾತಿಯೊಂದೇ. ಈ ನಿಯಮ ನಿಮಗೆ ಹೊಸದಲ್ಲ. ಎರಡು ತಳಿ ರಾಗಿಯಲ್ಲಿ ಯಾವುದು ಮೇಲೆಂದು ನೋಡಬೇಕಾದರೆ ಒಂದಕ್ಕೆ ಗೊಬ್ಬರ ಹಾಕಿ ಇನ್ನೊಂದನ್ನು ಹಾಗೆಯೇ ಬಿಡುತ್ತೀರಾ? ವಿಜ್ಞಾನದ ತಿರುಳೇ ಈ ನ್ಯಾಯವಾದ ಹೋಲಿಕೆ.

3. ಎರಡು ತಟ್ಟೆಗಳು. ಎಣ್ಣೆಯ ಡಬ್ಬವನ್ನು ಉದ್ದಕ್ಕೆ ಸೀಳಿದರೆ ಎರಡು ತಟ್ಟೆಗಳಾಗುತ್ತವೆ. ಅಂಚು ಕೈ ಕೊಯ್ಯದಂತೆ ದೊಡ್ಡವರೇ ಸೀಳಿ ಮಡಿಸಿಕೊಡಬೇಕು. ಒಂದಕ್ಕೆ ಬರೀ ಮಣ್ಣು, ಇನ್ನೊಂದಕ್ಕೆ ಹುಲ್ಲು ಬೆಳೆದ ಮಣ್ಣಿನ ಹೆಂಟೆ. ಎರಡನ್ನೂ ಇಟ್ಟಿಗೆಯ ಮೇಲೆ ಒಂದೇ ಇಳಿಜಾರಿಗೆ ಇಟ್ಟು, ತೂತಿನ ಡಬ್ಬದಿಂದ ಮಳೆಯಂತೆ ನೀರು ಸುರಿಯಬೇಕು. ಬೋಳು ಮಣ್ಣಿನಿಂದ ಹೆಚ್ಚು ನೀರು, ಅದೂ ಕೆಂಪು ನೀರು ಬರುತ್ತದೆ. ಹುಲ್ಲಿನ ತಟ್ಟೆಯಿಂದ ಕಡಮೆ ನೀರು, ತಿಳಿನೀರು ಬರುತ್ತದೆ. ಬದುವಿನ ಮೇಲೆ ಹುಲ್ಲಿರಬೇಕೆಂದು ಹತ್ತು ಸಲ ಹೇಳುವುದಕ್ಕಿಂತ ಇದನ್ನು ಒಂದು ಸಲ ತೋರಿಸುವುದು ಮೇಲು.

4. ಇಟ್ಟಿಗೆ ಮತ್ತು ಕಲ್ಲು. ಒಂದು ಒಣ ಇಟ್ಟಿಗೆಯನ್ನೂ ಅಷ್ಟೇ ಗಾತ್ರದ ಗಟ್ಟಿ ಬಂಡೆಯ ಕಲ್ಲನ್ನೂ ತೂಕ ಮಾಡಿ, ರಾತ್ರಿಯೆಲ್ಲ ನೀರಿನಲ್ಲಿ ಮುಳುಗಿಸಿ, ಬೆಳಗ್ಗೆ ಒರಸಿ ಮತ್ತೆ ತೂಗಬೇಕು. ಇಟ್ಟಿಗೆಯ ತೂಕ ಎದ್ದು ಕಾಣುವಷ್ಟು ಏರಿರುತ್ತದೆ, ಕಲ್ಲಿನ ತೂಕ ಇದ್ದಷ್ಟೇ ಇರುತ್ತದೆ. ನಮ್ಮ ಹೊಲಗಳ ಕೆಳಗೆ, ಮಣ್ಣು ಮತ್ತು ಶಿಥಿಲವಾದ ಕಲ್ಲಿನ ಪದರ ಮುಗಿದ ಮೇಲೆ, ಇರುವುದು ಇಂಥ ಗಟ್ಟಿ ಬಂಡೆಯೇ. ಬಂಡೆ ನೀರು ಕುಡಿಯುವುದಿಲ್ಲ. ಅದರ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಬಿರುಕು ಸಿಗದಿದ್ದರೆ ಎಷ್ಟು ಆಳಕ್ಕೆ ಹೋದರೂ ಹಣ ಹೋಗುತ್ತದೆಯೇ ಹೊರತು ನೀರು ಬರುವುದಿಲ್ಲ.

5. ಚಿತ್ರಪಟ. ಭೂಮಿಯೊಳಕ್ಕೆ ಇಳಿದು ಬಿರುಕುಗಳನ್ನು ನೋಡಿ ಬರಲು ಯಾರಿಂದಲೂ ಆಗದು. ಅಲ್ಲಿ ಚಿತ್ರ ಬೇಕು. ಭೂಮಿಯನ್ನು ಹಲಸಿನ ಹಣ್ಣಿನಂತೆ ಸೀಳಿ ಮಣ್ಣು, ಶಿಥಿಲ ಶಿಲೆ, ಬಂಡೆ, ಬಾವಿ, ಬೋರ್‌ವೆಲ್‌ಗಳನ್ನು ತೋರಿಸುವ ಪಟವನ್ನು ಉಪಾಧ್ಯಾಯರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲೇ ಬರೆಯಬಹುದು. ಇಂದು ಮೊಬೈಲ್ ಫೋನಿನ ವಿಡಿಯೋ ಕೂಡ ಈ ಕೆಲಸ ಮಾಡುತ್ತದೆ. ಆದರೆ ಚಿತ್ರ ಕೊನೆಗೂ ಚಿತ್ರವೇ. ಅದು ಸೀಸೆಗೂ ಡಬ್ಬಕ್ಕೂ ಬದಲಾಗಲಾರದು.

6. ಮರಳಿನ ಮಾದರಿ. ಶಾಲೆಯ ಅಂಗಳದಲ್ಲಿ ಮರಳಿನಿಂದ ನಂದಿ ಬೆಟ್ಟವನ್ನು ಮಾಡಿ, ಅಲ್ಲಿಂದ ಅರ್ಕಾವತಿ ಇಳಿದು ದೊಡ್ಡಬಳ್ಳಾಪುರದ ಕಡೆಯ ಕೆರೆಗಳ ಮೂಲಕ ಹೆಸರಘಟ್ಟಕ್ಕೂ, ಮುಂದೆ ತಿಪ್ಪಗೊಂಡನಹಳ್ಳಿಗೂ ಹೋಗುವುದನ್ನು ತೋರಿಸಬಹುದು. ದೇವನಹಳ್ಳಿ, ಹೊಸಕೋಟೆಯ ಮಕ್ಕಳು ದಕ್ಷಿಣ ಪಿನಾಕಿನಿಯನ್ನೂ ನೆಲಮಂಗಲದ ಮಕ್ಕಳು ಶಿವಗಂಗೆಯಿಂದ ಹೊರಡುವ ಕುಮುದ್ವತಿಯನ್ನೂ ಮಾಡಲಿ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ನಡುವಿನ ಕಾಲುವೆಯನ್ನು ಮುಚ್ಚಿ ನೋಡಿದರೆ ಏನಾಗುತ್ತದೆಂದು ಮಾದರಿಯೇ ಹೇಳುತ್ತದೆ. ಹೆಸರಘಟ್ಟದ ಜಲಾಶಯವನ್ನು 1894ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಕಟ್ಟಲಾಯಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂತು. ಒಂದು ಮಹಾನಗರಕ್ಕೆ ನೀರು ಕೊಟ್ಟ ಹೊಳೆ ನಮ್ಮ ಕೆರೆಗಳ ಸಾಲಿನಿಂದಲೇ ಹೋದದ್ದೆಂದು ಮಕ್ಕಳು ತಿಳಿಯಬೇಕು.

7. ಮಳೆ ಅಳೆಯುವ ಡಬ್ಬ. ನೇರ ಗೋಡೆಯ ಒಂದು ಡಬ್ಬವನ್ನು ಮರ, ಮಾಡುಗಳಿಂದ ದೂರವಾಗಿ ಬಯಲಿನಲ್ಲಿಟ್ಟು, ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಅಳತೆಪಟ್ಟಿಯಿಂದ ನೀರಿನ ಎತ್ತರ ಅಳೆದು ಬರೆಯಲಿ. ಇಲ್ಲಿಗೆ ವಿಜ್ಞಾನದ ಜೊತೆ ಲೆಕ್ಕವೂ ಸೇರುತ್ತದೆ. ಒಂದು ಎಕರೆಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 25 ಮಿಲಿಮೀಟರ್, ಅಂದರೆ ಸುಮಾರು ಒಂದು ಅಂಗುಲ ಮಳೆಯೆಂದರೆ ಎಕರೆಗೆ ಒಂದು ಲಕ್ಷ ಲೀಟರ್. ವರ್ಷಕ್ಕೆ 800 ಮಿಲಿಮೀಟರ್ ಬಿದ್ದರೆ ಎಕರೆಗೆ 32 ಲಕ್ಷ ಲೀಟರ್. ಇಷ್ಟು ನೀರು ನಮ್ಮ ಹೊಲಕ್ಕೆ ಪುಕ್ಕಟೆಯಾಗಿ ಬಂದು ಎಲ್ಲಿಗೆ ಹೋಯಿತೆಂದು ಮಗು ಮನೆಗೆ ಬಂದು ಕೇಳಿದರೆ, ಪಾಠ ಸಾರ್ಥಕವಾಯಿತೆಂದು ತಿಳಿಯಿರಿ.

ಸಲಕರಣೆ ಹೆಚ್ಚಾದರೆ ಪಾಠ ಹೆಚ್ಚಾಗದು

ಇಷ್ಟನ್ನೂ ಒಂದೇ ದಿನ ಮೇಜಿನ ಮೇಲೆ ಹರಡಿದರೆ ಅದು ಜಾತ್ರೆಯಾಗುತ್ತದೆ, ಪಾಠವಾಗುವುದಿಲ್ಲ. ಒಂದು ದಿನಕ್ಕೆ ಒಂದು ಪ್ರಶ್ನೆ, ಆ ಪ್ರಶ್ನೆಗೆ ತಕ್ಕ ಒಂದೆರಡು ಸಲಕರಣೆ ಸಾಕು. ಪ್ರಯೋಗಕ್ಕೆ ಮೊದಲು ಏನಾಗಬಹುದೆಂದು ಮಕ್ಕಳು ಊಹಿಸಿ ಬರೆಯಬೇಕು, ಆಮೇಲೆ ಮಾಡಬೇಕು, ಕೊನೆಗೆ ಪುಸ್ತಕ ತೆರೆಯಬೇಕು. ಪುಸ್ತಕ ಬೇಡವೆಂದಲ್ಲ. ಕಂಡದ್ದಕ್ಕೆ ಹೆಸರು ಕೊಟ್ಟು ಒಟ್ಟುಗೂಡಿಸುವುದು ಪುಸ್ತಕದ ಕೆಲಸ. ಕೋಶ ಓದಬೇಕು, ದೇಶ ಸುತ್ತಬೇಕು ಎಂದು ಹಿರಿಯರು ಎರಡನ್ನೂ ಸೇರಿಸಿ ಹೇಳಿದ್ದು ಸುಮ್ಮನೆ ಅಲ್ಲ.

ಡಬ್ಬ, ಸೀಸೆಗಳ ವಿಜ್ಞಾನವೆಂದರೆ ಬಡವರ ವಿಜ್ಞಾನವೆಂದು ಯಾರೂ ಕೀಳಾಗಿ ಕಾಣಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಶಾಲೆಗಳ ಪ್ರಯೋಗಶಾಲೆಗಳು ನಾಶವಾದ ದೇಶಗಳ ಉಪಾಧ್ಯಾಯರಿಗಾಗಿ ಯುನೆಸ್ಕೊ ಸಂಸ್ಥೆ 1948ರಲ್ಲಿ ಒಂದು ಕೈಪಿಡಿ ಹೊರತಂದಿತು. ಅದು ಬೆಳೆದು 1956ರಲ್ಲಿ ದೊಡ್ಡ ಪುಸ್ತಕವಾಯಿತು. ಮನೆಯಲ್ಲಿ ಸಿಗುವ ಸಾಮಾನುಗಳಿಂದಲೇ ಪ್ರಯೋಗ ಮಾಡುವ ಕ್ರಮ ಅದರಲ್ಲಿದೆ. ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ಆರಂಭವಾದ ವಿಜ್ಞಾನ ಬೋಧನಾ ಕಾರ್ಯಕ್ರಮ 2002ರವರೆಗೆ ನಡೆಯಿತು. ಹಳ್ಳಿಯ ಮಕ್ಕಳು ತಾವೇ ಪ್ರಯೋಗ ಮಾಡಿ, ಹೊಲ ತೋಟಗಳಿಗೆ ಹೋಗಿ ನೋಡಿ ಕಲಿಯಬಲ್ಲರೆಂದು ಅದು ತೋರಿಸಿಕೊಟ್ಟಿತು. ನಮ್ಮ ರಾಜ್ಯದಲ್ಲಿ 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಮಕ್ಕಳಿಗಾಗಿ ಬಾಲವಿಜ್ಞಾನ ಪತ್ರಿಕೆಯನ್ನು ತಂದಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1962ರಲ್ಲಿ ಉದ್ಘಾಟನೆಯಾದ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವನ್ನು ಮಕ್ಕಳಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ಆದರೆ ದಿನದಿನದ ಸಂಗ್ರಹಾಲಯ ನಿಮ್ಮ ಹೊಲವೇ.

ನೀವು ಮಾಡಬಹುದಾದ ಕೆಲಸ

ಸಲಕರಣೆ ಕೊಡಿ. ಡಬ್ಬ, ಸೀಸೆ, ತಕ್ಕಡಿ, ಕೆರೆಗೋಡು, ಹುಲ್ಲಿನ ಹೆಂಟೆ ಇವಕ್ಕೆ ಕಾಸು ಬೇಕಾಗಿಲ್ಲ. ಆದರೆ ಕೀಟನಾಶಕ ತುಂಬಿದ್ದ ಡಬ್ಬ, ಸೀಸೆಗಳನ್ನು ಎಷ್ಟೇ ತೊಳೆದಿದ್ದರೂ ಮಕ್ಕಳ ಕೈಗೆ ಕೊಡಕೂಡದು.

ಅನುಭವ ಕೊಡಿ. ಬಾವಿಯಲ್ಲಿ ಮೊದಲು ಎಷ್ಟು ಮೆಟ್ಟಿಲಿನವರೆಗೆ ನೀರಿತ್ತು, ಯಾವ ವರ್ಷ ಕೆರೆ ಕೋಡಿ ಬಿತ್ತು, ಬೋರ್‌ವೆಲ್ ಕೊರೆಸಿದಾಗ ಎಷ್ಟನೆಯ ಅಡಿಗೆ ಬಂಡೆ ಬಂತು ಎಂಬುದು ನಿಮಗೆ ಗೊತ್ತು. ಉಪಾಧ್ಯಾಯರು ಕರೆದರೆ ಒಂದು ಗಂಟೆ ಹೋಗಿ ಹೇಳಿ. ಅದೂ ಒಂದು ಪಾಠೋಪಕರಣವೇ.

ಹೊಲಕ್ಕೆ ಬರಗೊಡಿ. ಮಕ್ಕಳು ಸಾಲಾಗಿ ಬಂದು ಬದು, ಕೃಷಿಹೊಂಡ, ಇಂಗುಗುಂಡಿ ನೋಡಿ ಹೋಗಲಿ. ಹೊಂಡದ ಅಂಚಿನಲ್ಲಿ ದೊಡ್ಡವರೊಬ್ಬರು ನಿಂತಿರಬೇಕು.

ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಗೋಡೆಗೆ ಸುಣ್ಣ, ಕಾಂಪೌಂಡಿಗೆ ಗೇಟು ಎಂದು ಕೇಳುವಂತೆ, ಈ ತಿಂಗಳು ಮಕ್ಕಳು ಯಾವ ಪ್ರಯೋಗ ಮಾಡಿದರೆಂದೂ ಕೇಳಿ.

ಶಾಲೆಯಿಂದ ನಿಮಗೂ ಲಾಭವುಂಟು. ಬಿತ್ತನೆಗೆ ಮೊದಲು 100 ಕಾಳು ರಾಗಿಯನ್ನು ಒದ್ದೆ ಬಟ್ಟೆಯಲ್ಲಿಟ್ಟು ಮೊಳಕೆ ಎಣಿಸುವುದು ಮಕ್ಕಳಿಗೆ ಒಂದು ಪಾಠ, ನಿಮಗೆ ಬೀಜದ ಪರೀಕ್ಷೆ. ಪ್ರಮಾಣಿತ ರಾಗಿ ಬೀಜದಲ್ಲಿ ನೂರಕ್ಕೆ 75ಕ್ಕೆ ಕಡಮೆಯಿಲ್ಲದಂತೆ ಮೊಳೆಯಬೇಕೆಂದು ನಿಯಮವಿದೆ. ಮನೆಯಲ್ಲಿಟ್ಟ ಬೀಜ ಅದಕ್ಕಿಂತ ಕಡಮೆ ಮೊಳೆತರೆ, ಹೊಲಕ್ಕೆ ಹಾಕುವ ಮೊದಲೇ ಮಗು ಬಂದು ಎಚ್ಚರಿಸುತ್ತದೆ.

ಹಾಗೆಯೇ ನೀರಿನ ವಿಷಯ. ಇಟ್ಟಿಗೆಯನ್ನೂ ಕಲ್ಲನ್ನೂ ತನ್ನ ಕೈಯಿಂದ ತೂಗಿದ ಮಗು ಮುಂದೆ ಇನ್ನೊಂದು ಬೋರ್‌ವೆಲ್‌ಗೆ ಸಾಲ ಮಾಡುವ ಮುಂಚೆ ಎರಡು ಸಲ ಯೋಚಿಸುತ್ತದೆ. ಎರಡು ತಟ್ಟೆಗಳ ನೀರನ್ನು ಹೋಲಿಸಿ ನೋಡಿದ ಮಗು ಬದು ಒಡೆದರೆ ಸುಮ್ಮನಿರುವುದಿಲ್ಲ. ಮುಂಗಾರು ಬರುವ ಮುಂಚೆ ನಿಮ್ಮ ಊರಿನ ಶಾಲೆಯಲ್ಲಿ ಮಳೆ ಅಳೆಯುವ ಡಬ್ಬವೊಂದು ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಮೊದಲನೆಯ ಡಬ್ಬ ನಿಮ್ಮ ಮನೆಯಿಂದಲೇ ಹೋಗಲಿ.