ಮೊದಲು ನಮ್ಮ ಫೋನು

ಸಂಜೆ ಜಪಮಾಲೆಗೆ ಕೂರುವಾಗ ಮಕ್ಕಳ ಕೈಯಿಂದ ಮೊಬೈಲು ಕಿತ್ತುಕೊಳ್ಳುವ ಮುಂಚೆ ನಮ್ಮದನ್ನು ಒಳಗಿಟ್ಟು ಬರೋಣ. ಮಂಗಳೂರು ಕಡೆಯ ಕ್ಯಾಥೋಲಿಕರ ಮನೆಗಳಲ್ಲಿ ತೇರ್ಸ್, ಅಂದರೆ ಜಪಮಾಲೆ, ಮುಗಿದ ಮೇಲೆ ಚಿಕ್ಕವರು ಕೈಮುಗಿದು ಹಿರಿಯರ ‘ಬೆಸಾಂವ್’, ಅಂದರೆ ಆಶೀರ್ವಾದ, ಕೇಳುವ ರೂಢಿಯಿದೆ. ಆ ಒಂದು ಗಳಿಗೆಯನ್ನು ದಯವಿಟ್ಟು ಅವಸರದಲ್ಲಿ ಮುಗಿಸಬೇಡಿ. ಒಮ್ಮೆ ನಾನು ವಾಟ್ಸಾಪ್ ನೋಡುತ್ತಲೇ ಮಗಳ ತಲೆ ಸವರಿದೆ. ಅವಳು ಕದಲಲಿಲ್ಲ. ನಾನು ಮುಖವೆತ್ತಿ ನೋಡುವವರೆಗೂ ಕೈಮುಗಿದೇ ನಿಂತಿದ್ದಳು. ಆ ರಾತ್ರಿ ಅವಳ ಕ್ಷಮೆ ಕೇಳಿದೆ. ಮಕ್ಕಳಲ್ಲಿ ಕ್ಷಮೆ ಕೇಳಿದರೆ ಹೆತ್ತವರ ಮಾತಿನ ತೂಕ ಇಳಿಯುವುದಿಲ್ಲ. ಲೂಕನ ಸುವಾರ್ತೆಯ 15ನೇ ಅಧ್ಯಾಯದ ತಂದೆ ಮಾನ ಮರ್ಯಾದೆ ಎಣಿಸದೆ ಓಡಿಹೋಗಿ, ದಾರಿ ತಪ್ಪಿದ ಮಗನನ್ನು ತಬ್ಬಿಕೊಂಡವನು.

ಫೋನು ಒಳಗಿಡಬೇಕಾದ ಇನ್ನೊಂದು ದಿನವಿದೆ. ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್, ಅಂದರೆ ಮಾತೆ ಮರಿಯಳ ಜನ್ಮದಿನದ ಹಾಗೂ ಹೊಸ ತೆನೆಯ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬಂದಾಗ ಕಾಳು ಸುಲಿಯುವ ಕೆಲಸ ಮಕ್ಕಳಿಗೇ ಬಿಡಿ. ಬೆರಳಿಗೆ ಸಿಪ್ಪೆ ಚುಚ್ಚಿದರೂ ಪರವಾಗಿಲ್ಲ. ಆ ಹೊಸ ಅಕ್ಕಿ ಪಾಯಸಕ್ಕೆ ಬಿದ್ದು ಎಲ್ಲರ ಬಾಯಿಗೂ ಒಂದೊಂದು ಚಮಚ ಹೋಗುವ ತನಕ ಫೋಟೊ ಬೇಡ. ದುಬೈಯಲ್ಲಿರುವ ಚಿಕ್ಕಪ್ಪನಿಗೆ ಊಟವಾದ ಮೇಲೆ ವಿಡಿಯೊ ಕಾಲ್ ಮಾಡಿದರಾಯಿತು.