ಒಂದು ಫೇಸ್ ಹೋದಾಗ ಜನರೇಟರ್ ತಂತಿ ಎಲ್ಲಿಗೆ?

ಪೂರ್ತಿ ಕರೆಂಟ್ ಹೋದರೆ ಜನ ಸುಮ್ಮನೆ ಕಾಯುತ್ತಾರೆ. ಅರ್ಧ ಹೋದಾಗಲೇ ಕೈ ಸುಮ್ಮನಿರುವುದಿಲ್ಲ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಮಹಾಲಕ್ಷ್ಮಿ ಲೇಔಟ್‌ನ ಯಾವುದೋ ಅಡ್ಡರಸ್ತೆಯಲ್ಲಿ ಕೊಂಬೆ ಮುರಿದು ಲೈನ್ ಮೇಲೆ ಬೀಳುತ್ತದೆ. ಈ ಸಾಲಿನ ಮನೆಗಳು ಕತ್ತಲು, ಎದುರು ಸಾಲಿನಲ್ಲಿ ಧಾರಾವಾಹಿ ನಡೆದೇ ಇರುತ್ತದೆ. ಮೂರು ಫೇಸ್ ಇರುವ ಮನೆಯಾದರೆ ಹಾಲ್‌ನಲ್ಲಿ ದೀಪ ಉರಿಯುತ್ತದೆ, ಸಂಪಿನ ಮೋಟರ್ ಮಾತ್ರ ಏಳುವುದಿಲ್ಲ. ಇಲ್ಲಿ ಮನೆ, ತಾವರೆಕೆರೆ ಇಲ್ಲವೇ ಮಾಗಡಿ ಕಡೆ ತೋಟ ಇಟ್ಟುಕೊಂಡ ಕೃಷಿಕರು ಹಲವರಿದ್ದಾರೆ. ಅವರ ಕಾರಿನ ಡಿಕ್ಕಿಯಲ್ಲಿ ಮನೆಗೂ ತೋಟಕ್ಕೂ ಓಡಾಡುವ ಪುಟ್ಟ ಪೆಟ್ರೋಲ್ ಜನರೇಟರ್ ಬಗ್ಗೆ ಈ ಮಾತು.

ಮೊದಲು ಹೋಗಿರುವುದು ಏನೆಂದು ನೋಡಿ. ಒಂದು ಕೋಣೆಯ ಬಲ್ಬ್ ಮಂಕಾಗಿ, ಇನ್ನೊಂದರದು ಕಣ್ಣು ಕುಕ್ಕುವಂತೆ ಉರಿದರೆ ನ್ಯೂಟ್ರಲ್ ಕಿತ್ತಿರುವ ಸಾಧ್ಯತೆ ಹೆಚ್ಚು. ಆಗ 230 ವೋಲ್ಟ್‌ನ ಸಾಮಾನಿಗೆ 400ರ ಹತ್ತಿರ ವೋಲ್ಟೇಜ್ ಬೀಳಬಹುದು. ತಕ್ಷಣ ಮೇನ್ ಆಫ್ ಮಾಡಿ, ಬೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಬರೀ ಫೇಸ್ ಹೋಗಿದ್ದರೆ ಹಲವರು ಮಾಡುವ ಉಪಾಯ ಒಂದಿದೆ. ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರ್ ತಂದು ಒಂದು ತುದಿಯನ್ನು ಜನರೇಟರ್‌ಗೆ, ಇನ್ನೊಂದನ್ನು ಗೋಡೆಯ ಸಾಕೆಟ್‌ಗೆ ಚುಚ್ಚುವುದು. ಆ ವೈರನ್ನು ಒಮ್ಮೆ ಸರಿಯಾಗಿ ನೋಡಿ: ಸಾಕೆಟ್‌ನಿಂದ ಜಾರಿ ಬಂದ ಪ್ಲಗ್‌ನ ಹಿತ್ತಾಳೆ ಪಿನ್‌ಗಳು ಬರಿಮೈಯಲ್ಲಿ ನಿಮ್ಮ ಕಡೆ ಚಾಚಿಕೊಂಡಿವೆ, ಅವುಗಳಲ್ಲಿ 230 ವೋಲ್ಟ್ ಇದೆ. ಮನೆಯಲ್ಲಿ ಮಕ್ಕಳಿದ್ದರೆ ಹೆಚ್ಚು ವಿವರಿಸಬೇಕಿಲ್ಲ.

ಮನೆಯೊಳಗಿನ ಅಪಾಯ ಅಷ್ಟು. ಮೇನ್ ಆನ್ ಆಗಿದ್ದರೆ ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ, ಕಂಬದಿಂದ ಟ್ರಾನ್ಸ್‌ಫಾರ್ಮರ್‌ಗೆ, ಅಂದರೆ ಟಿ.ಸಿ.ಗೆ. 11,000 ವೋಲ್ಟನ್ನು ನಮ್ಮ ಬಳಕೆಗೆ ಇಳಿಸುವ ಟಿ.ಸಿ., ಹಿಂದಿನಿಂದ ಬಂದದ್ದನ್ನು ಅದೇ ಲೆಕ್ಕದಲ್ಲಿ ಏರಿಸುತ್ತದೆ; 230 ಕೊಟ್ಟರೆ ಮೇಲಿನ ತಂತಿಯಲ್ಲಿ ಹತ್ತು ಸಾವಿರ ವೋಲ್ಟ್‌ನಷ್ಟು ಏಳಬಹುದು. ಲೈನ್ ಕ್ಲಿಯರ್ (ಎಲ್‌ಸಿ) ತಗೊಂಡು ಕಂಬ ಹತ್ತಿದ ಲೈನ್‌ಮನ್‌ಗಾಗಲಿ, ಸಬ್‌ಸ್ಟೇಷನ್‌ನವರಿಗಾಗಲಿ ನಿಮ್ಮ ಜನರೇಟರ್ ಕಾಣುವುದಿಲ್ಲ. 2023ರ ನವೆಂಬರ್‌ನಲ್ಲಿ ಕಾಡುಗೋಡಿ ಬಳಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ, ಹಸುಗೂಸು ಇಬ್ಬರೂ ತೀರಿಕೊಂಡರು. ಅಲ್ಲಿ ಜನರೇಟರ್ ಪ್ರಶ್ನೆ ಇರಲಿಲ್ಲ. ಆದರೆ ಸತ್ತು ಬಿದ್ದಿರುವ ತಂತಿಗೂ ಹೀಗೆ ಜೀವ ಕೊಡಲು ಒಂದು ತಪ್ಪು ಪ್ಲಗ್ ಸಾಕು.

“ಬೀದಿಯ ಲೋಡ್ ಬಿದ್ದರೆ ಜನರೇಟರ್ ತಾನೇ ನಿಂತುಹೋಗುತ್ತೆ ಬಿಡಿ ಸಾರ್” ಎನ್ನುವವರಿದ್ದಾರೆ. ಎಷ್ಟೋ ಸಲ ನಿಲ್ಲುತ್ತದೆ, ನಿಜ. ತಂತಿ ನಿಮ್ಮ ಮನೆ ಪಕ್ಕದಲ್ಲೇ ತುಂಡಾಗಿದ್ದರೆ ಲೋಡ್ ಎಲ್ಲಿಂದ ಬರಬೇಕು? ನಿಲ್ಲುವ ಮುನ್ನಿನ ಒಂದೆರಡು ಸೆಕೆಂಡೂ ಕಂಬದ ಮೇಲಿರುವವನಿಗೆ ಹೆಚ್ಚೇ.

ತೋಟದ ಕಥೆ ಬೇರೆ. ಕೊಳವೆಬಾವಿಯ ಮೂರು ಫೇಸ್ ಮೋಟರ್‌ಗೆ ಒಂದು ಫೇಸ್ ಹೋದರೆ ಅದು ಕೂಡಲೇ ನಿಲ್ಲುವುದಿಲ್ಲ. ಉಳಿದ ಎರಡರಿಂದ ಸುಮಾರು ಒಂದೂಮುಕ್ಕಾಲು ಪಟ್ಟು ಕರೆಂಟ್ ಎಳೆದು ಕಾಯಿಲ್ ಸುಟ್ಟುಕೊಳ್ಳುತ್ತದೆ. ಅದನ್ನು ತಡೆಯಲು ಸ್ಟಾರ್ಟರ್ ಡಬ್ಬಿಯಲ್ಲಿ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಇರುತ್ತದೆ, ನಮ್ಮವರು ಬೈಪಾಸ್ ಮಾಡಿರುತ್ತಾರೆ! ಅದರ ಮೇಲೆ ಇನ್ನೊಂದು ಜಾಣತನ: ಹೋದ ಫೇಸಿನ ಜಾಗಕ್ಕೆ ಜನರೇಟರ್ ತಂತಿ ಕೊಡುವುದು. ಮೂರು ಫೇಸ್‌ಗಳು ಒಂದರ ಹಿಂದೊಂದು ಲೆಕ್ಕವಿಟ್ಟು ಏರಿಳಿಯುತ್ತವೆ. ಜನರೇಟರ್ ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಲೈನ್ 50 ಹರ್ಟ್ಸ್, ಜನರೇಟರ್ 49.5 ಎಂದುಕೊಳ್ಳಿ, ನ್ಯೂಟ್ರಲ್ ಸೇರಿಸಿದ್ದರೆ ಎರಡರ ನಡುವಿನ ವೋಲ್ಟೇಜ್ ಎರಡು ಸೆಕೆಂಡಿಗೊಮ್ಮೆ ಸೊನ್ನೆಯಿಂದ 460ರವರೆಗೆ ಏರಿ ಇಳಿಯುತ್ತದೆ. ಮೋಟರ್ ನರಳುತ್ತದೆ, ನೀರು ಬರುವುದಿಲ್ಲ. ಹೋಗಿದ್ದ ಫೇಸ್ ದಿಢೀರನೆ ಮರಳಿದರೆ ಜನರೇಟರೂ ಉಳಿಯುವುದಿಲ್ಲ.

ಮಾಡಬೇಕಾದ್ದು ಚೇಂಜ್‌ಓವರ್ ಸ್ವಿಚ್ ಹಾಕಿಸುವುದು. ಸಿಂಗಲ್ ಫೇಸ್‌ಗೆ ಎರಡು ಪೋಲ್, ಮೂರು ಫೇಸ್‌ಗೆ ನಾಲ್ಕು ಪೋಲ್. ನ್ಯೂಟ್ರಲ್ ಕೂಡ ಕಡಿಯಬೇಕು, ನಡುವೆ ಆಫ್ ಸ್ಥಾನ ಇರಬೇಕು. ಆಗ ಲೈನ್ ಇಲ್ಲವೇ ಜನರೇಟರ್, ಎರಡೂ ಒಟ್ಟಿಗೆ ಕೂಡುವುದು ಸಾಧ್ಯವೇ ಇಲ್ಲ. “ಮೇನ್ ಆಫ್ ಮಾಡಿದ್ದೀನಲ್ಲ” ಎಂಬ ನೆನಪಿನ ಮೇಲೆ ಭಾರ ಹಾಕಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದಲೇ ಮಾಡಿಸಿ, ಅರ್ತಿಂಗ್ ನೋಡಿಸಿ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿ. ಸ್ವಿಚ್ ಹಾಕಿಸುವವರೆಗೆ ಫ್ರಿಜ್, ಹಾಲು ಕರೆಯುವ ಯಂತ್ರದಂಥವನ್ನು ದಪ್ಪ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಮೂಲಕ ನೇರ ಜನರೇಟರ್‌ಗೇ ಕೊಡಿ, ಗೋಡೆಯ ವೈರಿಂಗ್ ಮುಟ್ಟಬೇಡಿ. 5 ಎಚ್‌ಪಿ ಸಬ್‌ಮರ್ಸಿಬಲ್ ಸ್ಟಾರ್ಟ್ ಆಗುವ ಗಳಿಗೆಗೆ ಐದಾರು ಪಟ್ಟು ಕರೆಂಟ್ ಕೇಳುವುದರಿಂದ ಡಿಕ್ಕಿಯ ಜನರೇಟರ್‌ಗೆ ಆ ಆಸೆ ಬೇಡ.

ಮಳೆ ಬಂತೆಂದು ಜನರೇಟರನ್ನು ಪಂಪ್‌ಹೌಸ್ ಒಳಗೆ, ಸಂಪಿನ ಕೋಣೆಗೆ, ಮೆಟ್ಟಿಲ ಕೆಳಗೆ ಎಳೆಯುವುದೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ತಲೆ ಸುತ್ತುವುದರೊಳಗೆ ಏಳಲು ಶಕ್ತಿಯೂ ಇರುವುದಿಲ್ಲ.

ಲೈನ್ ರಿಪೇರಿಯಾಗಿ ಮೂರೂ ಫೇಸ್ ಬಂದ ಮೇಲೆ ಹೊರಡುವ ನೀರಿನ ಧಾರೆ ಗಮನಿಸಿ. ತಂತಿ ಜೋಡಿಸುವಾಗ ಫೇಸ್ ಅದಲುಬದಲಾಗಿದ್ದರೆ ಮೋಟರ್ ತಿರುಗುಮುರುಗು ತಿರುಗುತ್ತದೆ, ಧಾರೆ ಸಣ್ಣಗಾಗುತ್ತದೆ. ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆದು ಸ್ಟಾರ್ಟರ್‌ನಲ್ಲಿ ಎರಡು ಫೇಸ್ ತಂತಿ ಬದಲಿಸಿದರೆ ಸರಿಹೋಗುತ್ತದೆ.